ಬದಲಾದ ವಿನ್ಯಾಸ, ಬದಲಾಗದ ಲೆಕ್ಕ

ಸಿಮ್ಯುಲೇಷನ್ ಸಾಫ್ಟ್‌ವೇರ್ ಮಾರುವವರ ಪ್ರಾತ್ಯಕ್ಷಿಕೆಗಳಲ್ಲಿ ಒಂದು ದೃಶ್ಯ ತಪ್ಪದೆ ಬರುತ್ತದೆ. ಪರದೆಯ ಒಂದು ಬದಿಗೆ ಕ್ಯಾಡ್ ಮಾಡೆಲ್, ಇನ್ನೊಂದು ಬದಿಗೆ ಅದರ ವಿಶ್ಲೇಷಣೆ. ಆಚೆ ಒಂದು ಗೋಡೆಯ ದಪ್ಪವನ್ನು 6 ಮಿಲಿಮೀಟರಿನಿಂದ 8ಕ್ಕೆ ಏರಿಸುತ್ತಾರೆ. ಈಚೆ ರಿಫ್ರೆಶ್ ಗುಂಡಿ ಒತ್ತುತ್ತಾರೆ. ಆಕಾರ ಹೊಸದಾಗುತ್ತದೆ, ಲೆಕ್ಕಕ್ಕಾಗಿ ಅದನ್ನು ಸಣ್ಣ ತುಂಡುಗಳಾಗಿ ಒಡೆಯುವ ಜಾಲ, ಅಂದರೆ ಮೆಶ್, ತಾನಾಗಿಯೇ ಮತ್ತೆ ಹೆಣೆದುಕೊಳ್ಳುತ್ತದೆ, ಲೋಡುಗಳು ಇದ್ದಲ್ಲೇ ಇರುತ್ತವೆ, ಸ್ವಲ್ಪ ಹೊತ್ತಿಗೆ ಒತ್ತಡದ ಬಣ್ಣಬಣ್ಣದ ಚಿತ್ರ ಮೂಡುತ್ತದೆ. ನೋಡಿದವರು ಒಂದು ಅಭಿಪ್ರಾಯ ಹೊತ್ತು ಮನೆಗೆ ಹೋಗುತ್ತಾರೆ: ವಿನ್ಯಾಸ ಬದಲಾದ ಮೇಲೆ ವಿಶ್ಲೇಷಣೆಯನ್ನು ಹೊಸದು ಮಾಡುವುದು ಇನ್ನು ಮುಂದೆ ಒಂದು ಕೆಲಸವೇ ಅಲ್ಲ. ಈ ಅಭಿಪ್ರಾಯ ಈಗ ಕಚೇರಿಗಳ ವೇಳಾಪಟ್ಟಿಯೊಳಗೂ ಇಳಿದಿದೆ. ಇದು ತಪ್ಪು, ಅಪಾಯಕಾರಿಯೂ ಹೌದು. ಗುಂಡಿಯಿಂದ ಹೊಸದಾಗುವುದು ಆಕಾರ. ಆ ಆಕಾರವನ್ನು ನೋಡಿ ಎಂಜಿನಿಯರ್ ಕೈಗೊಂಡಿದ್ದ ತೀರ್ಮಾನಗಳು ಹಳೆಯವೇ ಆಗಿ ಉಳಿಯುತ್ತವೆ.

ಆ ತೀರ್ಮಾನಗಳು ಎಷ್ಟೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕ್ಯಾಡ್‌ನಿಂದ ಬಂದ ಅಸೆಂಬ್ಲಿ ಕಾರ್ಖಾನೆಗಾಗಿ ಬರೆದದ್ದು. ಅದರಲ್ಲಿ ಬೋಲ್ಟಿನ ಮರೆ, ಅಚ್ಚಿನ ಗುರುತು, ಅಂಚುಗಳ ಸಣ್ಣ ದುಂಡುಗಳು ಎಲ್ಲವೂ ಇರುತ್ತವೆ. ವಿಶ್ಲೇಷಣೆಗೆ ಕೂತವರು ಮೊದಲು ಇವುಗಳಲ್ಲಿ ಬೇಡದ್ದನ್ನು ತೆಗೆಯಬೇಕು. ತಗಡಿನ ಭಾಗವನ್ನು ದಪ್ಪವಿಲ್ಲದ ನಡುಮೇಲ್ಮೈಯಾಗಿ ಮಾಡಬೇಕು, ಬೋಲ್ಟನ್ನು ಒಂದು ಗೆರೆಯಾಗಿ ಸರಳಗೊಳಿಸಬೇಕು. ಯಾವ ಎರಡು ಭಾಗ ಅಂಟಿಕೊಂಡಿವೆ, ಯಾವುವು ಜಾರುತ್ತವೆ, ಯಾವುವು ಭಾರ ಬಿದ್ದಾಗ ಬಾಯಿಬಿಡುತ್ತವೆ ಎಂದು, ಅಂದರೆ ಅವುಗಳ ನಡುವಿನ ಕಾಂಟ್ಯಾಕ್ಟುಗಳನ್ನು, ನಿರ್ಧರಿಸಬೇಕು. ಥಾಮಸ್ ಹ್ಯೂಸ್ ಮತ್ತು ಸಂಗಡಿಗರು 2005ರಲ್ಲಿ ಐಸೊಜಿಯೊಮೆಟ್ರಿಕ್ ವಿಶ್ಲೇಷಣೆಯನ್ನು ಮುಂದಿಟ್ಟ ಪ್ರಬಂಧದಲ್ಲಿ, ವಾಹನ, ವಿಮಾನ ಮತ್ತು ಹಡಗು ಉದ್ಯಮಗಳಲ್ಲಿ ವಿಶ್ಲೇಷಣೆಯ ಸಮಯದಲ್ಲಿ ಸುಮಾರು ಶೇ. 80 ಮೆಶ್ ಸಿದ್ಧಮಾಡಲಿಕ್ಕೇ ಹೋಗುತ್ತದೆ ಎಂಬ ಅಂದಾಜು ಕೊಟ್ಟಿದ್ದರು. ಆ ಸಮಯವನ್ನು ನಮ್ಮವರು ಬರೀ ಕೂಲಿ ಕೆಲಸವೆಂದು ಎಣಿಸುತ್ತಾರೆ. ಅದರಲ್ಲಿ ಬಹುಪಾಲು ಯೋಚನೆಯ ಕೆಲಸ.

ಎದುರು ವಾದಗಳಲ್ಲಿ ಒಂದನ್ನು ನಾನು ತುಂಬ ಗೌರವಿಸುತ್ತೇನೆ. ಮನುಷ್ಯ ಕೈಯಾರೆ ಮಾಡಿದ್ದೆಲ್ಲ ಸರಿಯಿರುತ್ತದೆಯೇ ಎಂದು ಅದು ಕೇಳುತ್ತದೆ. ಇನ್ನೂರು ಬಿಡಿಭಾಗಗಳ ಅಸೆಂಬ್ಲಿ ನಾಲ್ಕನೇ ಸಲ ಬದಲಾಗಿ ಬಂದಾಗ ಎಲ್ಲ ಕಾಂಟ್ಯಾಕ್ಟುಗಳನ್ನೂ ಮತ್ತೆ ಕೂತು ಕೊಡುವವರು ದಣಿಯುತ್ತಾರೆ, ಬೇಸರದಲ್ಲಿ ಒಂದನ್ನು ಬಿಡುತ್ತಾರೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಸದು ಮಾಡುವುದು ಕಷ್ಟವಾದಷ್ಟೂ ಜನ ಹೊಸದು ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ವಿನ್ಯಾಸ ರಿವಿಷನ್ ಎಫ್‌ಗೆ ಹೋಗಿರುತ್ತದೆ, ಒತ್ತಡದ ವರದಿ ರಿವಿಷನ್ ಸಿ ಮೇಲೆಯೇ ನಿಂತಿರುತ್ತದೆ, ‘ಬದಲಾವಣೆ ಅಲ್ಪ’ ಎಂಬ ಒಂದು ಸಾಲಿನಲ್ಲಿ ಅಂತರ ಮುಚ್ಚಿಹೋಗುತ್ತದೆ. ಮಾಡೆಲ್‌ಗಳು ಒಂದಕ್ಕೊಂದು ಹೊಂದಿಕೊಳ್ಳದೆ ಹೋದರೆ ತೆರಬೇಕಾದ ಬೆಲೆಗೆ ಏರ್‌ಬಸ್‌ನ ಎ380 ವಿಮಾನವೇ ಸಾಕ್ಷಿ. ಹ್ಯಾಂಬರ್ಗಿನವರು ಕಟಿಯಾ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿಯಲ್ಲಿ, ಟುಲೂಸಿನವರು ಐದನೆಯದರಲ್ಲಿ ಕೆಲಸ ಮಾಡುತ್ತಿದ್ದರು. ಹ್ಯಾಂಬರ್ಗಿನಿಂದ ಬಂದ ತಂತಿಯ ಕಟ್ಟುಗಳು ಟುಲೂಸಿನಲ್ಲಿ ಜೋಡಿಸುವಾಗ ಸರಿಯಾಗಿ ಕೂಡಲಿಲ್ಲ. 2006ರಲ್ಲಿ ಇದು ಬಯಲಾಗಿ ವಿಮಾನಗಳ ಹಸ್ತಾಂತರ ಎರಡು ವರ್ಷದಷ್ಟು ಹಿಂದಕ್ಕೆ ಹೋಯಿತು. ಆದ್ದರಿಂದ ಕ್ಯಾಡ್ ಮತ್ತು ಸಿಮ್ಯುಲೇಷನ್ ನಡುವೆ ಜೀವಂತ ಕೊಂಡಿ ಬೇಕು ಎನ್ನುವವರ ಜತೆ ನನಗೆ ತಕರಾರಿಲ್ಲ. ಆ ಕೊಂಡಿ ಸಿಕ್ಕ ಮೇಲೆ ಪರೀಕ್ಷೆ ಬೇಡ ಎನ್ನುವವರ ಜತೆ ಇದೆ. ಮುಂದೆ ಇದನ್ನೆಲ್ಲ ಕೃತಕ ಬುದ್ಧಿಮತ್ತೆಯೇ ನೋಡಿಕೊಳ್ಳುತ್ತದೆ ಎನ್ನುವವರಿಗೆ ಇವತ್ತು ಸಹಿ ಹಾಕಬೇಕಾದ ವರದಿಯ ಬಗ್ಗೆ ಹೇಳಲು ಏನೂ ಇಲ್ಲ.

ಕೊಂಡಿ ಎಲ್ಲಿ ಸಡಿಲವೆಂದು ತಿಳಿಯಲು ಕಂಪ್ಯೂಟರ್ ಒಂದು ಘನಾಕಾರವನ್ನು ಹೇಗೆ ನೆನಪಿಡುತ್ತದೆಂದು ನೋಡಬೇಕು. ಅದರ ಪಾಲಿಗೆ ವಸ್ತುವೆಂದರೆ ಮುಖಗಳು, ಅಂಚುಗಳು, ಮೂಲೆಗಳ ಒಂದು ಜಾಲ. ನಾವು ‘ಈ ಮುಖದ ಮೇಲೆ ಒತ್ತಡ’ ಎಂದಾಗ ಅದು ಆ ಮುಖದ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ. ವಿನ್ಯಾಸಕಾರರು ಅಲ್ಲೊಂದು ತೋಡು ಕೊರೆದರೆ ಒಂದು ಮುಖ ಎರಡಾಗುತ್ತದೆ. ಹಳೆಯ ಗುರುತು ಈಗ ಯಾವುದಕ್ಕೆ ಸೇರಬೇಕು? ಅರಳಿಕಟ್ಟೆಯಿಂದ ಮೂರನೇ ಮನೆ ಎಂದು ವಿಳಾಸ ಬರೆದಿದ್ದಾಗ ನಡುವೆ ಇನ್ನೊಂದು ಮನೆ ಎದ್ದರೆ ಕಾಗದ ಬೇರೆಯವರ ಕೈ ಸೇರುವಂತೆಯೇ ಇದು. 1980ರ ದಶಕದ ಕೊನೆಗೆ ಪ್ರೊ/ಎಂಜಿನಿಯರ್ ಎಂಬ ಕ್ಯಾಡ್ ತಂತ್ರಾಂಶ ಬಂದು, ಆಕಾರವನ್ನು ಅದು ಹುಟ್ಟಿದ ಹೆಜ್ಜೆಗಳ ಚರಿತ್ರೆಯಾಗಿ ಇಟ್ಟುಕೊಳ್ಳುವ ಪದ್ಧತಿ ರೂಢಿಗೆ ಬಂದಾಗಿನಿಂದ ಈ ಗುರುತಿನ ಸಮಸ್ಯೆಯೂ ಜತೆಗೇ ಇದೆ. ಮುಕ್ತ ತಂತ್ರಾಂಶವಾದ ಫ್ರೀಕ್ಯಾಡ್ ಇದರಿಂದ ವರ್ಷಗಟ್ಟಲೆ ನರಳಿತು. ಅದನ್ನು ತಗ್ಗಿಸುವ ವ್ಯವಸ್ಥೆ ಸೇರಿದ ಮೇಲೆಯೇ, 2024ರ ನವೆಂಬರಿನಲ್ಲಿ, ಅದರ 1.0 ಆವೃತ್ತಿ ಹೊರಬಂತು. ಒಂದೇ ತಂತ್ರಾಂಶದೊಳಗೇ ಇಷ್ಟು ಕಷ್ಟವಿದ್ದರೆ ಸ್ಟೆಪ್ ಫೈಲಿನ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕೇಳಬೇಕಾಗಿಲ್ಲ. ಐಎಸ್‌ಒ 10303 ಎಂಬ ಸಂಖ್ಯೆಯ ಆ ಅಂತರರಾಷ್ಟ್ರೀಯ ಮಾನಕ ದೊಡ್ಡ ಉಪಕಾರ ಮಾಡಿದೆ, ನಿಜ. ಆದರೆ ಅದರಲ್ಲಿ ಸಾಮಾನ್ಯವಾಗಿ ದಾಟಿ ಬರುವುದು ಕೊನೆಯ ಆಕಾರ ಮಾತ್ರ. ಹುಟ್ಟಿನ ಚರಿತ್ರೆ ಆಚೆ ದಡದಲ್ಲೇ ಉಳಿಯುತ್ತದೆ.

ಗುರುತು ಕಳೆದುಹೋದರೆ ಸಾಫ್ಟ್‌ವೇರ್ ಹೇಳುತ್ತದೆ. ಆನ್ಸಿಸ್ ಮೆಕ್ಯಾನಿಕಲ್ ಎಂಬ ವಿಶ್ಲೇಷಣಾ ತಂತ್ರಾಂಶದಲ್ಲಾದರೆ ಆ ಲೋಡಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಲೆಕ್ಕ ಮುಂದೆ ಹೋಗುವುದಿಲ್ಲ. ಇದನ್ನು ಜನ ಶಪಿಸುತ್ತಾರೆ. ನನ್ನ ಮಟ್ಟಿಗೆ ಇದು ಪ್ರಾಮಾಣಿಕವಾದ ಸೋಲು, ಏನನ್ನೂ ಕೆಡಿಸುವುದಿಲ್ಲ. ಎಲ್ಲ ಹಸಿರು ಟಿಕ್ಕುಗಳೂ ಬಿದ್ದಾಗಲೇ ಎಚ್ಚರ ಬೇಕು. ಪಂಪಿನ ಫ್ಲೇಂಜಿನಲ್ಲಿ ಆರು ಬೋಲ್ಟ್ ಇದ್ದದ್ದು ಎಂಟಾಗಿ ಬಂತೆನ್ನಿ. ಹಳೆಯ ಆರಕ್ಕೆ ಕೊಟ್ಟಿದ್ದ ಬಿಗಿತ ಹಾಗೆಯೇ ಉಳಿಯುತ್ತದೆ. ಹೊಸ ಎರಡಕ್ಕೆ ಬಿಗಿತವೇ ಇರುವುದಿಲ್ಲ. ಲೆಕ್ಕ ಬಿಡಿಸುವ ಸಾಲ್ವರ್‌ಗೆ ಇದರಲ್ಲಿ ತಪ್ಪೇನೂ ಕಾಣದು. ಬಿಗಿಯದ ಬೋಲ್ಟೂ ಗಣಿತದ ದೃಷ್ಟಿಯಲ್ಲಿ ಒಂದು ಸರಿಯಾದ ಬೋಲ್ಟೇ. ಅಥವಾ ಈ ಪ್ರಸಂಗ ನೋಡಿ: 3 ಮಿಲಿಮೀಟರಿಗಿಂತ ಚಿಕ್ಕ ದುಂಡಂಚುಗಳನ್ನೆಲ್ಲ ತೆಗೆ ಎಂದು ಮೊದಲ ಸಲ ನಿಯಮ ಕೊಟ್ಟಿರುತ್ತೇವೆ, ಏಕೆಂದರೆ ಅಲ್ಲಿ ಒತ್ತಡ ಅಷ್ಟಾಗಿ ಇರಲಿಲ್ಲ. ಆಮೇಲೆ ಬದಿಯ ಪಟ್ಟಿಯನ್ನು ದಪ್ಪ ಮಾಡುತ್ತಾರೆ. ಬಲ ಹರಿಯುವ ದಾರಿ ಬದಲಾಗಿ ಈಗ ಅದೇ ಮೂಲೆಯ ಮೂಲಕ ಹಾಯುತ್ತದೆ. ಸಾಫ್ಟ್‌ವೇರ್ ನಿಷ್ಠೆಯಿಂದ ಹಳೆಯ ನಿಯಮವನ್ನೇ ನಡೆಸಿ ಆ ದುಂಡನ್ನು ಅಳಿಸುತ್ತದೆ. ಒಳಮೂಲೆ ಚೂಪಾಗಿ ಉಳಿದರೆ ಮೆಶ್ ಸಣ್ಣದಾದಷ್ಟೂ ಅಲ್ಲಿಯ ಒತ್ತಡದ ಅಂಕಿ ಮಿತಿಯಿಲ್ಲದೆ ಏರುತ್ತಲೇ ಹೋಗುತ್ತದೆ. ಆ ಅಂಕಿಗೆ ಅರ್ಥವಿಲ್ಲವೆಂದು ಬಲ್ಲ ಎಂಜಿನಿಯರ್ ಅದನ್ನು ಕಡೆಗಣಿಸುತ್ತಾರೆ. ಹೀಗೆ ಬಿರುಕು ಹುಟ್ಟಬಹುದಾದ ಜಾಗವೇ ಎಲ್ಲರ ಒಪ್ಪಿಗೆಯಿಂದ ಕಣ್ಮರೆಯಾಗುತ್ತದೆ.

ವಿನ್ಯಾಸ ಬದಲಾಗಿ ಲೆಕ್ಕ ಬದಲಾಗದೆ ಉಳಿದರೆ ಏನಾಗುತ್ತದೆಂಬುದಕ್ಕೆ ನಾನು ಸದಾ ನೆನೆಯುವ ಪ್ರಸಂಗದಲ್ಲಿ ಕ್ಯಾಡ್ ಫೈಲು ಯಾವುದೂ ಇಲ್ಲ. 1981ರ ಜುಲೈ 17ರ ಸಂಜೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲ ಒಳಾಂಗಣದಲ್ಲಿ ನೃತ್ಯಕೂಟ ನಡೆಯುತ್ತಿತ್ತು. ಚಾವಣಿಯಿಂದ ತೂಗುಬಿಟ್ಟಿದ್ದ ಕಾಲುಸೇತುವೆಗಳಲ್ಲಿ ಎರಡು, ನಾಲ್ಕನೇ ಮಹಡಿಯ ಮಟ್ಟದ್ದು ಮತ್ತು ಅದರ ನೇರ ಕೆಳಗಿದ್ದ ಎರಡನೇ ಮಹಡಿಯದು, ಜನರ ಮೇಲೆ ಕುಸಿದವು. 114 ಮಂದಿ ಸತ್ತರು. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು.

ಮೂಲ ನಕ್ಷೆಯಲ್ಲಿ ಚಾವಣಿಯಿಂದ ಹೊರಟ ಒಂದೇ ಉಕ್ಕಿನ ಸರಳು ಮೇಲಿನ ಸೇತುವೆಯ ತೊಲೆಯನ್ನು ತೂರಿ ಕೆಳಗಿನ ಸೇತುವೆಯವರೆಗೆ ಇಳಿಯುತ್ತಿತ್ತು. ಎರಡೂ ತೊಲೆಗಳ ಅಡಿಗೆ ಒಂದೊಂದು ನಟ್; ಪ್ರತಿ ನಟ್ ತನ್ನ ಸೇತುವೆಯ ಭಾರವನ್ನಷ್ಟೇ ಹೊರಬೇಕು. ಆದರೆ ಮೇಲಿನ ನಟ್ಟನ್ನು ಅದರ ಜಾಗಕ್ಕೆ ಏರಿಸಬೇಕಾದರೆ ಕೆಳಗಿನ ಉದ್ದಕ್ಕೂ ಸರಳಿಗೆ ಮರೆ ಕೊರೆಯಬೇಕಿತ್ತು. ಅದನ್ನು ತಪ್ಪಿಸಲು ತಯಾರಕರು ಸರಳನ್ನು ಎರಡು ಮಾಡಿದರು. ಒಂದು ಚಾವಣಿಯಿಂದ ಮೇಲಿನ ತೊಲೆಗೆ, ಇನ್ನೊಂದು ಅದೇ ತೊಲೆಯಿಂದ ಕೆಳಗಿನ ಸೇತುವೆಗೆ. ಕಾಗದದ ಮೇಲೆ ಇದು ಕೆಲವೇ ಅಂಗುಲಗಳ ವ್ಯತ್ಯಾಸ. ಚಾವಣಿಯ ಸರಳು ಹೊರುವ ಒಟ್ಟು ಭಾರವೂ ಮೊದಲಿನಷ್ಟೇ. ಆದರೆ ಮೇಲಿನ ತೊಲೆಯ ಅಡಿಯ ನಟ್ ಈಗ ಎರಡೂ ಸೇತುವೆಗಳ ಭಾರ ಹೊರಬೇಕಾಯಿತು. ಲೋಡ್ ದ್ವಿಗುಣವಾಯಿತು. ಆ ಜಾಗದ ಲೆಕ್ಕವನ್ನು ಯಾರೂ ಮತ್ತೆ ಮಾಡಲಿಲ್ಲ. ನಕ್ಷೆಗೆ ಒಪ್ಪಿಗೆಯ ಮುದ್ರೆ ಬಿತ್ತು. ಮೂಲ ವಿನ್ಯಾಸವೇ ನಗರದ ಕಟ್ಟಡ ಸಂಹಿತೆ ಕೇಳುವ ಬಲದ ಸುಮಾರು ಶೇ. 60ರಷ್ಟನ್ನು ಮಾತ್ರ ತಾಳಬಲ್ಲದಾಗಿತ್ತು ಎಂದು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ತನಿಖೆಯಿಂದ ಆಮೇಲೆ ತಿಳಿಯಿತು. ಬದಲಾವಣೆಯಿಂದ ಅದೂ ಅರ್ಧಕ್ಕೆ ಇಳಿದಿತ್ತು. ನಟ್ ತೊಲೆಯನ್ನು ಸೀಳಿಕೊಂಡು ಹೊರಬಂದಿತ್ತು. ಹೊಣೆಗಾರ ಎಂಜಿನಿಯರ್‌ಗಳು ಮಿಸೌರಿ ರಾಜ್ಯದಲ್ಲಿ ಪರವಾನಗಿ ಕಳೆದುಕೊಂಡರು.

ಈ ಬದಲಾವಣೆ ಇವತ್ತಿನ ಅಸೆಂಬ್ಲಿಯಲ್ಲಿ ಆಗಿದ್ದರೆ? ಹಳೆಯ ಸರಳಿನ ಮೇಲ್ಭಾಗವೇ ಹೊಸ ಮೇಲಿನ ಸರಳು. ಅದಕ್ಕಿದ್ದ ಕಾಂಟ್ಯಾಕ್ಟ್ ಸುಲಭವಾಗಿ ಹೊಂದಿಕೊಳ್ಳುತ್ತದೆ. ಎರಡನೇ ಸರಳು ಹೊಸ ಬಿಡಿಭಾಗ. ಅದರ ಸುತ್ತಮುತ್ತ ಏನಿದೆಯೆಂದು ಸಾಫ್ಟ್‌ವೇರ್ ತಾನೇ ಹುಡುಕುತ್ತದೆ, ರಂಧ್ರದ ಒಳಗೋಡೆ ಹತ್ತಿರವೇ ಇದೆಯೆಂದು ಕಂಡು ಅಲ್ಲೊಂದು ಕಾಂಟ್ಯಾಕ್ಟ್ ಹಾಕಬಹುದು. ಹೀಗೆ ತಾನಾಗಿ ಹಾಕಿದ ಕಾಂಟ್ಯಾಕ್ಟನ್ನು ಅಂಟಿಕೊಂಡದ್ದೆಂದು ಎಣಿಸುವುದು ಹಲವು ಸಾಫ್ಟ್‌ವೇರ್‌ಗಳ ರೂಢಿ. ಸರಳು ರಂಧ್ರದ ಗೋಡೆಗೇ ಅಂಟಿದೆಯೆಂದು ಲೆಕ್ಕ ಹಿಡಿದರೆ ನಟ್ ತೊಲೆಯನ್ನು ಒತ್ತಿ ಸೀಳುವ ಮಾತೇ ಬರುವುದಿಲ್ಲ. ಭಾರವೆಲ್ಲ ಗೋಡೆಯಲ್ಲಿ ಹರಡಿ ಹೋಗುತ್ತದೆ. ಚಿತ್ರ ನೀಲಿಯಾಗಿ, ಹಿತವಾಗಿ ಕಾಣುತ್ತದೆ. ಅಂದು ಒಪ್ಪಿಗೆಯ ಮುದ್ರೆ ಮಾಡಿದ ಕೆಲಸವನ್ನೇ ಇಂದು ಹಸಿರು ಟಿಕ್ ಮಾಡುತ್ತದೆ, ಜತೆಗೆ ಗಣಿತದ ಗಾಂಭೀರ್ಯವನ್ನೂ ಕೊಡುತ್ತದೆ. ಈ ಗಾಂಭೀರ್ಯವೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಲೆಕ್ಕ ಮಾಡಿಲ್ಲವೆಂದು ಗೊತ್ತಿದ್ದರೆ ಯಾರಾದರೂ ಒಬ್ಬರು ಕೇಳಿಯಾರು. ಲೆಕ್ಕ ಆಗಿದೆಯೆಂದು ತೋರುವಾಗ ಕೇಳುವವರಾರು?

ಹಾಗೆಂದು ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿಲ್ಲ. ಯಂತ್ರ ಮಾಡಬಲ್ಲದ್ದನ್ನು ಯಂತ್ರವೇ ಮಾಡಲಿ. ಲೋಡನ್ನು ಮುಖದ ಸಂಖ್ಯೆಗೆ ಕಟ್ಟುವ ಬದಲು, ವಿನ್ಯಾಸಕಾರರೇ ಕ್ಯಾಡ್‌ನಲ್ಲಿ ಇಟ್ಟ ಹೆಸರಿಗೆ ಕಟ್ಟಬಹುದು. ಇಲ್ಲವೇ ‘ಫ್ಲೇಂಜಿನ ಮೇಲಿರುವ ಇಷ್ಟು ವ್ಯಾಸದ ಎಲ್ಲ ರಂಧ್ರಗಳು’ ಎಂಬಂಥ ನಿಯಮಕ್ಕೆ ಕಟ್ಟಬಹುದು. ಆಗ ಆರು ಎಂಟಾದರೂ ಬಿಗಿತ ಎಂಟಕ್ಕೂ ಸಿಗುತ್ತದೆ. ಹೊಸ ಮಾಡೆಲ್ ಬಂದ ತಕ್ಷಣ ಹಳೆಯದರ ಪಕ್ಕದಲ್ಲಿಟ್ಟು ಒಟ್ಟು ತೂಕ, ಬಿಡಿಭಾಗಗಳ ಎಣಿಕೆ, ಕಾಂಟ್ಯಾಕ್ಟುಗಳ ಎಣಿಕೆ ಹೋಲಿಸಬಹುದು. ಹಾಕಿದ ಬಲಗಳ ಮೊತ್ತಕ್ಕೆ ಆಧಾರಗಳ ಪ್ರತಿಬಲ ಸರಿಸಮ ಬಂತೇ ಎಂದು ನೋಡಲು ಐದು ನಿಮಿಷ ಸಾಕು. ಆದರೂ ಈ ಯಾವ ಹೋಲಿಕೆಯೂ ಹಯಾತ್ ಹೋಟೆಲಿನ ನಟ್ಟನ್ನು ಹಿಡಿಯುತ್ತಿರಲಿಲ್ಲ. ತೂಕ ಹೆಚ್ಚುಕಡಿಮೆ ಅಷ್ಟೇ ಇತ್ತು, ಒಟ್ಟು ಪ್ರತಿಬಲವೂ ಅಷ್ಟೇ. ಎಣಿಕೆ ಹೊಸ ಬಿಡಿಭಾಗ ಬಂದಿದೆಯೆಂದು ಹೇಳುತ್ತಿತ್ತು, ನಟ್ಟಿನ ಮೇಲಿನ ಭಾರ ದ್ವಿಗುಣವಾಯಿತೆಂದು ಹೇಳುತ್ತಿರಲಿಲ್ಲ. ಅದನ್ನು ಹಿಡಿಯಲು ‘ಈ ಜೋಡಣೆ ಯಾವ ಭಾರಕ್ಕೆ, ಏಕೆ ಸಾಕೆಂದುಕೊಂಡೆವು’ ಎಂಬ ಒಂದು ವಾಕ್ಯ ಮಾಡೆಲಿನ ಜತೆಗೆ ಇರಬೇಕಿತ್ತು. ಹೊಸ ಸರಳು ಬಂದಾಗ ಆ ವಾಕ್ಯವನ್ನು ಓದುವ ಒಬ್ಬ ಮನುಷ್ಯ ಇರಬೇಕಿತ್ತು. ನಮ್ಮ ಮಾಡೆಲ್‌ಗಳಲ್ಲಿ ಅಂಕಿಗಳು ಲಕ್ಷಗಟ್ಟಲೆ ಇರುತ್ತವೆ. ಕಾರಣಗಳನ್ನು ಯಾರೂ ಬರೆದಿಡುವುದಿಲ್ಲ; ಅವು ಎಂಜಿನಿಯರ್ ಕೆಲಸ ಬಿಟ್ಟುಹೋದ ದಿನ ಅವರ ಜತೆಗೇ ಹೋಗುತ್ತವೆ.

ಬೆಂಗಳೂರಿಗೆ ಇದು ಹತ್ತಿರದ ಪ್ರಶ್ನೆ. ಜರ್ಮನಿ, ಜಪಾನ್, ಅಮೆರಿಕದಲ್ಲಿ ರೂಪುಗೊಳ್ಳುವ ಎಷ್ಟೋ ಯಂತ್ರಭಾಗಗಳ ವಿಶ್ಲೇಷಣೆ ನಡೆಯುವುದು ಇಲ್ಲಿಯ ಕಚೇರಿಗಳಲ್ಲಿ. ವಿನ್ಯಾಸ ಮಾಡುವವರೂ ಲೆಕ್ಕ ಮಾಡುವವರೂ ಒಂದೇ ಮೇಜಿನ ಆಚೀಚೆ ಕೂತಿಲ್ಲ. ಬದಲಾದ ಫೈಲು ರಾತ್ರಿ ಬಂದಿರುತ್ತದೆ, ಬದಲಾವಣೆಯ ಕಾರಣ ಬಂದಿರುವುದಿಲ್ಲ. ಕೆಲಸದ ಅಂದಾಜಿನಲ್ಲಿ ಮೊದಲ ವಿಶ್ಲೇಷಣೆಗೆ ಸಾಕಷ್ಟು ಗಂಟೆಗಳನ್ನು ಕೊಟ್ಟು, ‘ಮಾಡೆಲ್ ಅಪ್‌ಡೇಟ್’ಗೆ ಅದರ ಒಂದು ಚೂರನ್ನು ಕೊಡುವುದು ರೂಢಿಯಾಗಿದೆ. ಆ ಚೂರು ಗುಂಡಿ ಒತ್ತಲು ಸಾಕು, ಸಾಲ್ವರ್ ಓಡಿಸಲು ಸಾಕು. ಸರಳನ್ನು ಏಕೆ ಎರಡು ಮಾಡಿದಿರಿ ಎಂದು ಆಚೆಯವರಿಗೆ ಫೋನ್ ಮಾಡಿ ಕೇಳಲು, ಬಂದ ಉತ್ತರವನ್ನು ಹಿಡಿದು ಹಳೆಯ ತೀರ್ಮಾನಗಳನ್ನು ಒಂದೊಂದಾಗಿ ಮತ್ತೆ ನೋಡಲು ಬೇಕಾದ ಗಂಟೆಗಳು ಅದರಲ್ಲಿಲ್ಲ. ಆ ಗಂಟೆಗಳನ್ನು ಬೇರೆ ಸಾಲಿನಲ್ಲಿ, ಬೇರೆ ಹಣಕ್ಕೆ, ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಬರೆಯಲು ಗ್ರಾಹಕರು ಒಪ್ಪದಿದ್ದರೆ, ಹೊಸ ರಿವಿಷನ್ನಿನ ಆಕಾರಕ್ಕೆ ಹಳೆಯ ರಿವಿಷನ್ನಿನ ಊಹೆಗಳನ್ನೇ ಬಳಸಲಾಗಿದೆ ಎಂದು ವರದಿಯ ಮೊದಲ ಪುಟದಲ್ಲೇ ಅವರಿಗೆ ಓದಲು ಸಿಗಬೇಕು.