ದಾಳಿಗಾರನ ಬೆಲೆ, ಸಹಿಯ ಬೆಲೆ



ಕಳೆದ ಭಾನುವಾರ ಸಂಜೆ ತುಡಿಯಲೂರಿನಲ್ಲಿ ಮೇಟುಪಾಳಯಂ ರಸ್ತೆಯ ಬದಿಯ ಟೀ ಅಂಗಡಿಯೊಂದರಲ್ಲಿ ಕುಳಿತಿದ್ದೆ. ಅಲ್ಲಿ ನಡೆಯುತ್ತಿದ್ದ ವಾದದ ಮುಂದೆ ನಮ್ಮ ನ್ಯಾಯಾಲಯದ ವಾದಗಳು ಸಪ್ಪೆಯೆನಿಸಿದವು. ಚರ್ಚೆಗೆ ನಿಂತಿದ್ದ ಪ್ರಶ್ನೆಗಳು ಎರಡು. ಕಬಡ್ಡಿಯಲ್ಲಿ ಇದುವರೆಗಿನ ಶ್ರೇಷ್ಠ ದಾಳಿಗಾರ ಯಾರು? ಮುಂದಿನ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಯಾರನ್ನು ಕೊಳ್ಳಬೇಕು?

ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ತೂತ್ತುಕುಡಿ ಜಿಲ್ಲೆಯ ಮಣತ್ತಿ ಗಣೇಶನ್ ಅವರ ಪಕ್ಷ ವಹಿಸಿದರು. 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1995ರ ಅರ್ಜುನ ಪ್ರಶಸ್ತಿಗೆ ಪಾತ್ರರಾದವರು ಅವರು. “ಈಗಿನವರಿಗೆ ಚಾಪೆ, ಆಗಿನವರಿಗೆ ಮಣ್ಣು. ಮಣ್ಣಿನಲ್ಲಿ ಬಿದ್ದು ಎದ್ದವನೇ ಆಟಗಾರ” ಎಂಬುದು ಹಿರಿಯರ ತೀರ್ಪು. ಲೇತ್ ಕೆಲಸದ ನಡುವಯಸ್ಕರು ಒಪ್ಪಲಿಲ್ಲ. ಪ್ರೊ ಕಬಡ್ಡಿಯಲ್ಲಿ 1800ಕ್ಕೂ ಮಿಕ್ಕಿದ ದಾಳಿ ಅಂಕ ಗಳಿಸಿದ ಪ್ರದೀಪ್ ನರ್ವಾಲ್ ಅವರ ಆಯ್ಕೆ. ಹಿಡಿಯಬಂದವರ ತೋಳುಗಳ ಕೆಳಗೆ ಮುಳುಗಿ ಆಚೆಗೆ ಏಳುವ ‘ಡುಬ್ಕಿ’, ಪಟ್ನಾ ಪೈರೇಟ್ಸ್ ತಂಡಕ್ಕೆ ಸಾಲಾಗಿ ಬಂದ ಮೂರು ಪ್ರಶಸ್ತಿಗಳು, 2017ರ ಒಂದೇ ಆವೃತ್ತಿಯಲ್ಲಿ 369 ದಾಳಿ ಅಂಕ: ಇವು ಅವರು ಮಂಡಿಸಿದ ಸಾಕ್ಷ್ಯ. ಕಾಲೇಜು ಹುಡುಗರಿಗೆ ಪವನ್ ಸೆಹ್ರಾವತ್ ಬಿಟ್ಟರೆ ಬೇರೆ ದೇವರಿಲ್ಲ. 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್ ತಂಡವನ್ನು ಗೆಲ್ಲಿಸಿದವನು, ಅದೇ ವರ್ಷ ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ಗಳಿಸಿದವನು ಎಂದು ಅವರು ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದರು.

ನನ್ನ ಅಭಿಪ್ರಾಯವನ್ನೂ ಕೇಳಿದರು. ವಕೀಲನಾದ ನಾನು ಹೇಳಿದ್ದಿಷ್ಟೇ: ಗಣೇಶನ್ ಅವರ ದಾಳಿಗಳನ್ನು ಆ ಕಾಲದಲ್ಲಿ ಯಾರೂ ಹೀಗೆ ಒಂದೊಂದಾಗಿ ಎಣಿಸಿಡಲಿಲ್ಲ. ದಾಖಲೆ ಇಲ್ಲವೆಂದ ಮಾತ್ರಕ್ಕೆ ಸಾಮರ್ಥ್ಯ ಇರಲಿಲ್ಲವೆಂದು ತೀರ್ಮಾನಿಸಲಾಗದು. ಆದುದರಿಂದ ಮೊಕದ್ದಮೆಯನ್ನು ಮುಂದೂಡಲಾಗಿದೆ.

ಎರಡನೆಯ ಪ್ರಶ್ನೆ ಇನ್ನೂ ಕಠಿನ. ಯಾರು ಮುಂದೆ ಬೆಳಗುವರೆಂದು ಹೇಳಬಲ್ಲವರು ಯಾರು? 2014ರ ಮೊದಲ ಹರಾಜಿನಲ್ಲಿ ರಾಕೇಶ್ ಕುಮಾರ್ 12.80 ಲಕ್ಷ ರೂಪಾಯಿಗೆ ಹೋದಾಗ ಅದೇ ಅತಿ ಹೆಚ್ಚಿನ ಬೆಲೆ. 2022ರಲ್ಲಿ ತಲೈವಾಸ್ ತಂಡ ಪವನ್‌ಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲಿಯೇ ಅವರ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿ ಕೈತಪ್ಪಿತು. ಆ ಹೊರೆಯನ್ನು ಹೊತ್ತವರು ಅಲ್ಲಿಯವರೆಗೆ ಹೆಸರೇ ಕೇಳಿರದ ನರೇಂದರ್ ಎಂಬ ಹೊಸಬರು. 243 ದಾಳಿ ಅಂಕ ಗಳಿಸಿ ಅವರು ತಂಡವನ್ನು ಮೊದಲ ಬಾರಿಗೆ ಸೆಮಿಫೈನಲ್‌ವರೆಗೆ ಒಯ್ದರು. ಇನ್ನೊಂದೆಡೆ, ಅಷ್ಟೊಂದು ಅಂಕಗಳ ಒಡೆಯನಾದ ಪ್ರದೀಪ್ ಅವರನ್ನು 2025ರ ಹರಾಜಿನಲ್ಲಿ ಯಾವ ತಂಡವೂ ಕೊಳ್ಳಲಿಲ್ಲ. ಅವರು ನಿವೃತ್ತಿ ಘೋಷಿಸಿದರು. ಅಮೆರಿಕದ ಫುಟ್‌ಬಾಲ್‌ನಲ್ಲಿ ಹರಾಜಿಲ್ಲ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುತ್ತವೆ. 1936ರಲ್ಲಿ ಈ ಪದ್ಧತಿ ಆರಂಭವಾದಾಗ ಮೊಟ್ಟಮೊದಲು ಆಯ್ಕೆಯಾದವರು ಜೇ ಬರ್ವಾಂಗರ್. ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವುದರಲ್ಲಿ ನಿಪುಣರಾಗಿದ್ದ ಆತ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ಬೇರೆ ಉದ್ಯೋಗ ಹಿಡಿದರು. ಊರು ಯಾವುದಾದರೇನು, ಭವಿಷ್ಯದ ಲೆಕ್ಕ ತಪ್ಪುವುದು ಹೀಗೆಯೇ.

ಆ ಸಂಜೆ ಎಲ್ಲರ ಮಾತನ್ನು ಕೇಳುತ್ತ ಒಬ್ಬ ಹುಡುಗ ಕಂಬಕ್ಕೆ ಒರಗಿ ನಿಂತಿದ್ದ. “ತಲೈವಾಸ್‌ನವರು ನಮ್ಮ ಇವನನ್ನೇ ಕೊಳ್ಳಲಿ” ಎಂದು ಯಾರೋ ನಕ್ಕರು. ಹುಡುಗ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವನನ್ನೇ ಕರೆದುಕೊಂಡು ಅವನ ತಂದೆ ನನ್ನ ಕಚೇರಿಗೆ ಬಂದರು. ಅವರ ಅನುಮತಿ ಪಡೆದು, ಗುರುತಾಗದಂತೆ ಇದನ್ನು ಬರೆಯುತ್ತಿದ್ದೇನೆ. ತಂದೆ ಫೌಂಡ್ರಿಯಲ್ಲಿ ಕೆಲಸಗಾರರು. ಮನೆಯ ಮಾತು ಕನ್ನಡ, ಓದಿದ್ದು ತಮಿಳು. ಕೈಯಲ್ಲಿದ್ದ ಛಾಪಾ ಕಾಗದದಲ್ಲಿದ್ದುದು ಇಂಗ್ಲಿಷ್. “ಅಣ್ಣಾ, ಮಗನಿಗೆ ದೊಡ್ಡ ತಂಡದಲ್ಲಿ ಅವಕಾಶ ಕೊಡಿಸುತ್ತಾರಂತೆ. ನಾಳೆಯೊಳಗೆ ಸಹಿ ಬೇಕಂತೆ. ಇದೊಂದು ಓದಿ ಹೇಳಿ” ಎಂದರು.

ಓದಿದೆ, ಒಂದೊಂದು ಷರತ್ತನ್ನೂ ನಮ್ಮ ಮನೆಮಾತಿನಲ್ಲಿ ಹೇಳಿದೆ. ಮಧ್ಯವರ್ತಿಯೊಬ್ಬರು ಐದು ವರ್ಷ ಹುಡುಗನ ಏಕೈಕ ಪ್ರತಿನಿಧಿ. ಆಟದಿಂದ ಬರುವ ಹಣದಲ್ಲಿ ನೂರಕ್ಕೆ ಮೂವತ್ತು ಅವರದು. ಐದು ವರ್ಷ ಮುಗಿದ ಮೇಲೂ ಬೇರೆಯವರೊಡನೆ ಒಪ್ಪಂದ ಮಾಡಿಕೊಳ್ಳುವ ಮೊದಲು ಇವರ ಒಪ್ಪಿಗೆ ಪಡೆಯಬೇಕು. ಶಾಲೆಯ ಮೂಲ ಪ್ರಮಾಣಪತ್ರಗಳು ಅಲ್ಲಿಯವರೆಗೆ ಅವರ ವಶದಲ್ಲಿರಬೇಕು. ಅವಕಾಶ ಕೊಡಿಸದಿದ್ದರೆ ಅವರ ಹೊಣೆ ಏನೆಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಹುಡುಗನಿಗೆ ಹದಿನೆಂಟು ತುಂಬಲು ಇನ್ನೂ ಎಂಟು ತಿಂಗಳಿದೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 11ನೆಯ ಕಲಮಿನಂತೆ ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಅಂಥ ಕರಾರು ಆರಂಭದಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೋರಿ ಬೀಬಿ ಪ್ರಕರಣದಲ್ಲಿ ಹೇಳಿತು. ತಂದೆ ಸಹಿ ಹಾಕಿದರೆ ಸಾಕೆಂದು ಕೆಲವರು ಹೇಳುವುದುಂಟು. ಅಪ್ರಾಪ್ತ ವಯಸ್ಸಿನ ನಟಿಯ ಪರವಾಗಿ ತಂದೆ ಚಲನಚಿತ್ರ ನಿರ್ಮಾಪಕರೊಡನೆ ಮಾಡಿಕೊಂಡ ಕರಾರು ನಿಲ್ಲದೆಂದು ಮುಂಬಯಿ ಹೈಕೋರ್ಟು ರಾಜ್ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಇನ್ನು ಅವಧಿ ಮುಗಿದ ಮೇಲಿನ ಹಿಡಿತ. ಕ್ರಿಕೆಟಿಗ ಜಹೀರ್ ಖಾನ್ ಅವರ ಮೇಲೆ ಅವರ ಹಿಂದಿನ ಪ್ರತಿನಿಧಿ ಸಂಸ್ಥೆ ಇಂಥದೇ ಷರತ್ತನ್ನು ಹೇರಲೆತ್ನಿಸಿದಾಗ, ಅದು 27ನೆಯ ಕಲಮಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು.

ಇಷ್ಟು ಕೇಳಿ ತಂದೆಗೆ ಸಮಾಧಾನವಾಯಿತು. “ಹಾಗಾದರೆ ಸಹಿ ಹಾಕಿದರೂ ನಷ್ಟವಿಲ್ಲವಲ್ಲ?” ಎಂದರು. ಇಲ್ಲಿಯೇ ಎಡವುವುದು. ಎಂಟು ತಿಂಗಳ ನಂತರ ಅದೇ ಕಾಗದವನ್ನು ಹೊಸ ದಿನಾಂಕದೊಡನೆ ಮುಂದಿಡುತ್ತಾರೆ. ಆಗ ಅವನು ಪ್ರಾಪ್ತವಯಸ್ಕ. ಅವಧಿಯೊಳಗಿನ ಷರತ್ತುಗಳು ಅವನನ್ನು ಕಟ್ಟಿಹಾಕಬಲ್ಲವು. ಮೂಲ ಪ್ರಮಾಣಪತ್ರಗಳು ಅವರ ಕಪಾಟಿನಲ್ಲಿರುವಾಗ ಬೇಡವೆನ್ನುವ ಧೈರ್ಯ ಯಾವ ಹುಡುಗನಿಗೆ ಬರುತ್ತದೆ? ಶೂನ್ಯವಾದ ಕರಾರನ್ನು ಶೂನ್ಯವೆಂದು ಹೇಳಿಸಿಕೊಳ್ಳಲು ನ್ಯಾಯಾಲಯಕ್ಕೆ ಅಲೆಯಬೇಕಾದ ವರ್ಷಗಳೇ ದಾಳಿಗಾರನ ಕಾಲುಗಳಲ್ಲಿ ಬಲವಿರುವ ವರ್ಷಗಳು.

ಹುಡುಗ ತಲೆ ಎತ್ತಲಿಲ್ಲ. ಆಗ ನಾನು ಹಾಂಗ್‌ಝೌ ಫೈನಲ್ಲನ್ನು ನೆನಪಿಸಿದೆ. 2023ರ ಅಕ್ಟೋಬರ್ 7. ಭಾರತ ಮತ್ತು ಇರಾನ್ 28–28ರ ಸಮಬಲ. ಪವನ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಇರಾನಿನ ರಕ್ಷಕರು ಹಿಂದೆಯೇ ನುಗ್ಗಿದರು. ಹಳೆಯ ನಿಯಮದಂತೆ ಹಾಗೆ ಬಂದ ರಕ್ಷಕರೂ ಔಟ್, ಹೊಸ ನಿಯಮದಂತೆ ದಾಳಿಗಾರನೊಬ್ಬನೇ ಔಟ್. ಯಾವ ನಿಯಮವೆಂಬ ಜಗಳದಲ್ಲಿ ತೀರ್ಪು ಅತ್ತಿತ್ತ ಹೊಯ್ದಾಡಿ ಸುಮಾರು ಒಂದು ತಾಸು ಆಟ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. “ಅಷ್ಟು ದೊಡ್ಡ ಆಟದಲ್ಲಿಯೇ ನಿಯಮ ಯಾವುದೆಂಬ ಗೊಂದಲ ಇಷ್ಟು ಮಾಡಿತು. ನೀನು ಇಳಿಯಹೊರಟಿರುವ ಅಂಕಣದ ನಿಯಮ ಈ ಕಾಗದದಲ್ಲಿದೆ ಕಣಪ್ಪಾ. ಬರೆದವರು ಎದುರು ತಂಡದವರು” ಎಂದೆ.

ಅವನು ಮೊದಲ ಬಾರಿಗೆ ಬಾಯಿ ತೆರೆದ. “ನಾನು ಸಹಿ ಹಾಕದಿದ್ದರೆ ಅವರು ಇನ್ನೊಬ್ಬನನ್ನು ಕರೆದುಕೊಂಡು ಹೋಗುತ್ತಾರೆ, ಸಾರ್.”

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವನು ಹೇಳಿದ್ದು ನಿಜವಿರಬಹುದು. ಅವನ ಪಾಲಿಗೆ ಅದು ಕೇವಲ ಹರಟೆಯ ವಿಷಯವಲ್ಲ. ಲೀಗಿನ ಹರಾಜಿನಲ್ಲಿ ಕೆಳಗಿನ ದರ್ಜೆಯ ಮೂಲಬೆಲೆ 9 ಲಕ್ಷ ರೂಪಾಯಿ. ಆ ಮನೆಗೆ ಅದು ಎಷ್ಟು ವರ್ಷಗಳ ಕೂಲಿಯೆಂದು ನಾನು ಬಲ್ಲೆ.

ಕೊನೆಗೆ ಮೂವರೂ ಕುಳಿತು ಮಧ್ಯವರ್ತಿಗೆ ಒಂದು ಪತ್ರ ಬರೆದೆವು. ಹದಿನೆಂಟು ತುಂಬಿದ ಮೇಲೆ ಮಾತ್ರ ಸಹಿ. ಅವಧಿ ಒಂದು ವರ್ಷ. ಅವರು ಕೊಡಿಸಿದ ಅವಕಾಶದಿಂದ ಬಂದ ಹಣದಲ್ಲಿ ಮಾತ್ರ ಅವರಿಗೆ ಪಾಲು, ಅದೂ ನೂರಕ್ಕೆ ಹತ್ತು. ಪ್ರಮಾಣಪತ್ರಗಳ ನಕಲು ಮಾತ್ರ. ನಾನು ಶುಲ್ಕ ಕೇಳಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬಾರದೆಯೂ ಇರಬಹುದು. ಹಾಗಾದರೆ ಹುಡುಗನ ಕೋಪಕ್ಕೆ ನಾನು ಪಾತ್ರನಾಗುತ್ತೇನೆ. ಅದನ್ನು ಹೊರಲು ಸಿದ್ಧನಿದ್ದೇನೆ.

ನಮ್ಮ ಮನೆಗಳ ಮಕ್ಕಳು ಮೈದಾನದಲ್ಲಿ ತಮಿಳು ಮಾತಾಡಿ, ಮನೆಯಲ್ಲಿ ಕನ್ನಡ ಮಾತಾಡಿ, ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕುವವರು. ಹೆತ್ತವರಲ್ಲಿ ನನ್ನ ವಿನಂತಿ ಇಷ್ಟು: ಸಹಿಗೆ ಮೊದಲು ತಿಳಿದವರಿಂದ ಓದಿಸಿ, ನಿಮಗೆ ತಿಳಿಯುವ ಮಾತಿನಲ್ಲಿ ಕೇಳಿ. ಮೂಲ ಪ್ರಮಾಣಪತ್ರವನ್ನು ಯಾರಿಗೂ ಬಿಟ್ಟುಕೊಡಬೇಡಿ. ನಾಳೆಯೊಳಗೆ ಬೇಕೆಂದು ಅವಸರಪಡಿಸುವವರಿಗೆ ಮುಂದಿನ ವಾರ ಬರಲು ಹೇಳಿ.

ಮೊನ್ನೆ ಸಂಜೆ ಅದೇ ಟೀ ಅಂಗಡಿಯ ಮುಂದೆ ಹಾದುಹೋದೆ. ಶ್ರೇಷ್ಠ ದಾಳಿಗಾರನ ಮೊಕದ್ದಮೆ ಇನ್ನೂ ನಡೆಯುತ್ತಿತ್ತು. ಹುಡುಗ ಅಲ್ಲಿರಲಿಲ್ಲ. ಅಭ್ಯಾಸಕ್ಕೆ ಹೋಗಿದ್ದಾನೆಂದು ಹಿರಿಯರು ಹೇಳಿದರು.