ಬರಹಗಾರನಿಗೂ ಆಟಿ ಉಂಟು

ಊರಿನಲ್ಲಿ ಆಟಿ ತಿಂಗಳೆಂದರೆ ಕೈಯಲ್ಲಿ ಕಾಸಿಲ್ಲದ ಕಾಲ. ಅದನ್ನು ತಿಳಿದೇ ನಮ್ಮ ಹಿರಿಯರು ಬೇಸಗೆಯಲ್ಲಿ ಹಪ್ಪಳ ಒಣಗಿಸಿ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಪುಣೆಯಲ್ಲಿ ಕನ್ನಡ-ಮರಾಠಿ ಅನುವಾದ, ಲೇಖನ, ಕರಡು ತಿದ್ದುವಿಕೆಯನ್ನೇ ನೆಚ್ಚಿಕೊಂಡ ನಮ್ಮಂಥವರಿಗೂ ಒಂದು ಆಟಿ ಉಂಟು. ಅದು ಬರುವುದು ದೀಪಾವಳಿ ಕಳೆದ ಮೇಲೆ.

1909ರಲ್ಲಿ ಕಾಶಿನಾಥ ರಘುನಾಥ ಮಿತ್ರರ 'ಮನೋರಂಜನ' ಪತ್ರಿಕೆ ಆರಂಭಿಸಿದ ದೀಪಾವಳಿ ವಿಶೇಷಾಂಕದ ಪರಂಪರೆ ಮಹಾರಾಷ್ಟ್ರದಲ್ಲಿ ಇಂದಿಗೂ ಉಳಿದಿದೆ. ಮಳೆಗಾಲವಿಡೀ ನಮಗೆ ಕೆಲಸವೋ ಕೆಲಸ. ಹಬ್ಬ ಮುಗಿದರೆ ಫೋನ್ ಮೌನ. ಕಂಪೆನಿಗಳ ಕರಪತ್ರದ ಅನುವಾದವೂ ಈಗ ಯಂತ್ರದ ಪಾಲಾಗುತ್ತಿದೆ. ನಮಗೆ ಸಿಗುವುದು ಕಡಿಮೆ ದರಕ್ಕೆ ಅದನ್ನು ತಿದ್ದುವ ಕೆಲಸ.

2020ರ ಲಾಕ್‌ಡೌನ್ ನನಗೆ ಬುದ್ಧಿ ಕಲಿಸಿತು. ಅಂದಿನಿಂದ ಬಂದ ಸಂಭಾವನೆಯ ಮೂರನೇ ಒಂದು ಪಾಲನ್ನು ಎ.ಟಿ.ಎಂ. ಕಾರ್ಡ್ ಇಲ್ಲದ ಬೇರೊಂದು ಖಾತೆಗೆ ಹಾಕುತ್ತೇನೆ. ಆರು ತಿಂಗಳ ಮನೆಖರ್ಚು ಅಲ್ಲಿ ಸೇರುವ ತನಕ ಹೊಸ ಮೊಬೈಲ್ ಇಲ್ಲ. (ಮನೆಯವರು ನಗುತ್ತಾರೆ, ನಗಲಿ.) ಬಿಲ್ಲಿನಲ್ಲಿ ಶೇ. 10 ಟಿ.ಡಿ.ಎಸ್. ಮುರಿದುಕೊಂಡಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಬರಬೇಕಾದುದನ್ನು ಪಡೆಯಬೇಕು. ಎಷ್ಟೋ ಮಂದಿ ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ.

ಬಾಕಿ ಕೇಳಲು ಸಂಕೋಚವೇಕೆ? 2020ರ ಜುಲೈಯಿಂದ 'ಉದ್ಯಮ್' ನೋಂದಣಿ ಜಾರಿಯಲ್ಲಿದೆ, ಶುಲ್ಕವಿಲ್ಲ. ಸೇವೆ ಒದಗಿಸುವ ಕಿರು ಉದ್ಯಮಿಯಾಗಿ ನೋಂದಾಯಿಸಿಕೊಂಡರೆ, 2006ರ ಕಾಯ್ದೆಯಂತೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಿಗಬೇಕು. ತಡವಾದರೆ ಬಡ್ಡಿಯನ್ನೂ ಕೇಳಬಹುದು. ನಾನು ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಬರೆಯತೊಡಗಿದ ಮೇಲೆ "ಮುಂದಿನ ವಾರ ನೋಡೋಣ" ಎನ್ನುವವರು ಕಡಿಮೆಯಾಗಿದ್ದಾರೆ.

ಇನ್ನು ನಮ್ಮ ಸಂಘ ಸಂಸ್ಥೆಗಳಿಗೆ ಒಂದು ಮಾತು. ವಾರ್ಷಿಕೋತ್ಸವದ ಸಭಾಗೃಹ, ಅಡುಗೆಯವರು, ಮೈಕ್, ಮುದ್ರಣಾಲಯ ಎಲ್ಲರಿಗೂ ಹಣ ಸಲ್ಲುತ್ತದೆ. ಸ್ಮರಣ ಸಂಚಿಕೆಯ 120 ಪುಟಗಳ ಕರಡು ತಿದ್ದಿದವನಿಗೆ ಮಾತ್ರ ಶಾಲು, ಫಲಪುಷ್ಪ. ನನ್ನ ಕಪಾಟಿನಲ್ಲಿ ಹನ್ನೊಂದು ಶಾಲುಗಳಿವೆ. ಗೌರವಕ್ಕೆ ಋಣಿ, ಆದರೆ ಕಿರಾಣಿ ಅಂಗಡಿಯವನು ಅವನ್ನು ತೆಗೆದುಕೊಳ್ಳುವುದಿಲ್ಲ.

ಪದಾಧಿಕಾರಿಗಳು ಸಂಚಿಕೆಯ ಬಜೆಟ್ ಮಾಡುವಾಗ ಜಾಹೀರಾತಿನ ಹಣದಲ್ಲಿ ಬರಹ ಮತ್ತು ಕರಡಿಗೆಂದು ಒಂದು ಸಾಲು ಸೇರಿಸಲಿ. ಕೆಲಸವನ್ನು ಸಮಾರಂಭಕ್ಕೆ ಎಂಟು ದಿನ ಇರುವಾಗ ಕೊಡುವ ಬದಲು ನವೆಂಬರಿನಲ್ಲೇ ಕೊಡಲಿ. ಆಗ ನಾವು ಖಾಲಿ ಕುಳಿತಿರುತ್ತೇವೆ, ತಪ್ಪುಗಳೂ ಕಡಿಮೆ ಉಳಿಯುತ್ತವೆ.