ಪಿನಾಕಿನಿಯ ದಡವೂ ನಮ್ಮ ಶ್ರಮದಾನವೂ

ವಿದುರಾಶ್ವತ್ಥವನ್ನು ನೋಡದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರನು. ವಿದುರನೇ ನೆಟ್ಟನೆಂದು ಹಿರಿಯರು ಹೇಳುತ್ತಿದ್ದ ಅರಳಿಮರ 2001ರಲ್ಲಿ ಉರುಳಿತು, ನಾಗರಕಲ್ಲುಗಳು ಉಳಿದಿವೆ. ಅವಕ್ಕೆ ಕೈಮುಗಿದು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದಲ್ಲಿ ಗುಂಡೇಟಿಗೆ ಮಡಿದವರ ಸ್ಮಾರಕದೆದುರು ಒಂದು ನಿಮಿಷ ನಿಂತು ಹಿಂತಿರುಗುವ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಪಿನಾಕಿನಿಯ ದಡಕ್ಕೆ ಇಳಿದಿದ್ದೇವೆ? ಇಳಿದು ನೋಡುವುದಕ್ಕೆ ಅಲ್ಲಿ ಏನಿದೆ ಎಂದು ನೀವು ಕೇಳಬಹುದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ಸುಮಾರು 600 ಕಿಲೋಮೀಟರು ನಡೆದು ನೆಲ್ಲೂರಿನ ಬಳಿ ಕಡಲು ಸೇರುವ ಈ ನದಿಗೆ ತವರಿನಲ್ಲಿಯೇ ನೀರಿಲ್ಲ. ಇರುವುದು ಮರಳು ತೆಗೆದ ಗುಂಡಿ ಮತ್ತು ಸೀಮೆಜಾಲಿ.

ಎರಡು ವರ್ಷದ ಹಿಂದೆ ಶಿಬಿರವೊಂದರಲ್ಲಿ ನಾವು ಇಂಥದೇ ಒಂದು ಹಳ್ಳದ ದಡದಲ್ಲಿ ಗಿಡ ನೆಟ್ಟೆವು. ಲಾರಿಯಲ್ಲಿ ಬಂದದ್ದು ಗುಲ್‌ಮೊಹರ್, ಆದ್ದರಿಂದ ನೆಟ್ಟದ್ದೂ ಗುಲ್‌ಮೊಹರ್. ಭಾಷಣವಾಯಿತು, ಫೋಟೋ ಆಯಿತು, ಉಪ್ಪಿಟ್ಟೂ ಆಯಿತು. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಗುಣಿಗಳು ಮಾತ್ರ ಇದ್ದವು. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಾನೂ ಆ ಗುಂಪಿನಲ್ಲಿ ಗುದ್ದಲಿ ಹಿಡಿದಿದ್ದವನೇ.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ತಾಯಿ ನಕ್ಕರು. “ಹೊಳೆ ದಡಕ್ಕೆ ಯಾರಾನಾ ಅದನ್ನ ಹಾಕ್ತಾರೇನೋ? ಹೊಂಗೆ ಹಾಕ್ಬೇಕು, ಲಕ್ಕಿ ಹಾಕ್ಬೇಕು. ಮೇಕೆ ಬಾಯಿ ಹಾಕಲ್ಲ” ಎಂದರು. ನನ್ನ ತಾಯಿಗೆ ಓದುಬರಹ ತಿಳಿಯದು. ನಮ್ಮ ವಂಶದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೊಬ್ಬನೇ. ಆದರೂ ಆ ಮಾತು ನನಗೆ ಹೊಳೆದಿರಲಿಲ್ಲ. ಲಕ್ಕಿಯ ಕಡ್ಡಿಯನ್ನು ಹಸಿನೆಲದಲ್ಲಿ ಊರಿದರೆ ಸಾಕು, ಚಿಗುರುತ್ತದೆ. ಬೇಸಿಗೆಯಲ್ಲಿ ಆಯ್ದ ಹೊಂಗೆಬೀಜ ಮುಂಗಾರಿನಲ್ಲಿ ತಾನೇ ಮೊಳೆಯುತ್ತದೆ; ಸೊಪ್ಪು ಗದ್ದೆಗೆ ಗೊಬ್ಬರ, ಬೀಜದಿಂದ ಎಣ್ಣೆ. ಹೊಳೆಮತ್ತಿ, ನೇರಳೆ, ಅತ್ತಿ ಇವುಗಳ ಬೇರು ದಡದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ, ನೇರಳೆ, ಅತ್ತಿಯ ಹಣ್ಣು ಹಕ್ಕಿಗಳನ್ನು ಕರೆಯುತ್ತದೆ. ನೀಲಗಿರಿಯ ಹೊಸ ನೆಡುವಿಕೆಯನ್ನು ಸರ್ಕಾರ 2017ರಲ್ಲಿ ನಿಲ್ಲಿಸಿದಾಗ ಎಚ್ಚರಗೊಂಡ ನಾವು, ಈ ಗಿಡಗಳನ್ನು ಮಾತ್ರ ಇನ್ನೂ ಮರೆತೇ ಇದ್ದೇವೆ.

ಸೀಮೆಜಾಲಿಯನ್ನೆಲ್ಲ ಒಂದೇ ವಾರದಲ್ಲಿ ಕಿತ್ತೆಸೆಯೋಣವೆಂದು ಉತ್ಸಾಹಿ ಮಿತ್ರರು ಹೇಳುವುದುಂಟು. ಇದನ್ನು ನಾನು ಒಪ್ಪಲಾರೆ. ನಮ್ಮ ಮನೆಗೆ ಗ್ಯಾಸ್ ಸಿಲಿಂಡರು ಬಂದಿದೆ, ನಿಜ. ಆದರೆ ಹಂಡೆಯ ಕೆಳಗೆ ಉರಿಯುವುದು ಇವತ್ತಿಗೂ ಜಾಲಿಯೇ. ಅದರ ಸೌದೆ ಮಾರಿ ಸಂತೆ ಮಾಡುವ ಹೆಂಗಸರನ್ನು ನಾನು ಬಲ್ಲೆ. ಅವರನ್ನು ಕೇಳದೆ ದಡ ಬೋಳಿಸುವುದು ಒಲೆ ಹೊತ್ತಿಸಿ ತಿಳಿಯದವರ ಕೆಲಸ. ವರ್ಷಕ್ಕೆ ಒಂದು ಫರ್ಲಾಂಗಿಗಿಂತ ಹೆಚ್ಚು ಮುಟ್ಟಕೂಡದು, ಕಡಿದ ಸೌದೆ ಊರಿನವರಿಗೇ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಮೇಲೆ ಕಡಿದರೆ ಸಾಲದು, ಬುಡ ಅಗೆಯಬೇಕು. ಇಲ್ಲವಾದರೆ ಮಳೆ ಬಿದ್ದೊಡನೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಇದು ಬೆನ್ನು ಮುರಿಯುವ ಕೆಲಸ, ಫೋಟೋಕ್ಕೆ ಅಂದವಾಗಿ ಕಾಣುವುದೂ ಇಲ್ಲ.

ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕನು ವರ್ಷಕ್ಕೆ 120 ಗಂಟೆ ದುಡಿಯಬೇಕಷ್ಟೆ. ಅದರಲ್ಲಿ 20 ಗಂಟೆ ನೆಡುವುದಕ್ಕೆ ಸಾಕು. ಉಳಿದುದನ್ನು ಜನವರಿಯಿಂದ ಮೇ ತಿಂಗಳವರೆಗೆ ಕೊಡ ಹೊರುವುದಕ್ಕೆ, ಬೇಲಿ ಕಟ್ಟುವುದಕ್ಕೆ ಏಕೆ ಮೀಸಲಿಡಬಾರದು? ಪರೀಕ್ಷೆಯ ಕಾಲವೆಂದು ಅಧ್ಯಾಪಕರು ಹೇಳಬಹುದು, ಅದೂ ಸುಳ್ಳಲ್ಲ. ಸರದಿ ಹಾಕಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ವಾರಕ್ಕೊಂದು ಬೆಳಗು. ಗಿಡಕ್ಕೆ ಮೂರು ಬೇಸಿಗೆ ನೀರು ಬೇಕು, ನಾವು ಇಲ್ಲಿರುವುದೂ ಮೂರೇ ವರ್ಷ. ಆದುದರಿಂದ ಪ್ರಥಮ ವರ್ಷದವರೇ ಮುಂದೆ ಬರಬೇಕು.

ನಾನು ಈ ವರ್ಷ ಕಾಲೇಜು ಬಿಡುವವನು. ನಮ್ಮ ಹಿತ್ತಲ ಹೊಂಗೆಯ ಕೆಳಗೆ ಆಯ್ದ ಬೀಜ ಒಂದು ಗೊಬ್ಬರದ ಚೀಲದಷ್ಟಿದೆ, ತಾಯಿಯವರು ಒಣಗಿಸಿ ಇಟ್ಟಿದ್ದಾರೆ. ಮೊದಲ ಮಳೆಗೆ ಮುಂಚೆ ಯಾರಾದರೂ ಬಂದು ಒಯ್ಯಬಹುದು.